ಅಲೆ ಆರಿಸುವ ಕುರ್ಚಿ

ಕಚೇರಿಯಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕನ ಕೆಲಸ ಅಲೆ ಆರಿಸುವುದು. ಭೂಮಿ ತನ್ನ ಕಾಂತಶಕ್ತಿಯಿಂದ ಸುತ್ತ ಒಂದು ಬೇಲಿ ಕಟ್ಟಿಕೊಂಡಿದೆ. ಸೂರ್ಯನಿಂದ ಬೀಸಿ ಬರುವ ಪ್ಲಾಸ್ಮಾ, ಅಂದರೆ ವಿದ್ಯುತ್ ತುಂಬಿದ ಕಣಗಳ ಗಾಳಿ, ಆ ಬೇಲಿಯನ್ನು ಸವರಿಕೊಂಡು ಹೋಗುವಾಗ ಕೆರೆಯ ಮೇಲೆ ಏಳುವಂತೆ ಅಲೆ ಏಳುತ್ತದೆ. ಕೆಲವು ಅಲೆಗಳು ಮಗುಚಿ ಸುರುಳಿಯಾಗುತ್ತವೆ. ಸುರುಳಿ ಒಡೆದರೆ ಒಳಗಿನದೂ ಹೊರಗಿನದೂ ಕಲಸಿಹೋಗುತ್ತದೆ.

ಅಲ್ಲಿ ತಿರುಗುವ ಉಪಗ್ರಹ ಎಲ್ಲವನ್ನೂ ಅಳೆಯುತ್ತದೆ, ಆದರೆ ಎಲ್ಲವನ್ನೂ ಕೆಳಗೆ ಕಳಿಸಲಾರದು. ಮೊದಲು ಒರಟು ನಕ್ಷೆಯೊಂದನ್ನು ಕಳಿಸುತ್ತದೆ. ಅದನ್ನು ನೋಡಿ ಯಾವ ತುಂಡು ಪೂರ್ತಿಯಾಗಿ ಬೇಕು ಎಂದು ಒಬ್ಬರು ಗುರುತು ಹಾಕಬೇಕು. ಗುರುತು ಬೀಳದ ತುಂಡಿನ ಮೇಲೆ ಉಪಗ್ರಹ ಹೊಸದನ್ನು ಬರೆದುಕೊಂಡುಬಿಡುತ್ತದೆ. ಹೋದದ್ದು ಮತ್ತೆ ಸಿಗುವುದಿಲ್ಲ.

ಮಗಳು ಹುಟ್ಟುವ ಮೊದಲಿನಿಂದಲೂ ಆ ಕುರ್ಚಿ ಅಕ್ಕನದೇ. ಗಂಡನ ಬೇಕರಿ ಬೇರೆ ಊರಿನಲ್ಲಿ. ಮಗಳು ಅಪ್ಪನ ಜೊತೆ. ರಜೆ ಸಿಕ್ಕಾಗ ಅಕ್ಕ ನೆಂಟರ ಹಾಗೆ ಹೋಗಿ ಬರುತ್ತಿದ್ದಳು. ವರ್ಗಾವಣೆ ಕೇಳಿದಾಗಲೆಲ್ಲ ಮುಖ್ಯಸ್ಥರು, "ನಿಮ್ಮ ಕಣ್ಣು ಇನ್ಯಾರಿಗಿದೆ ಅಕ್ಕ?" ಎಂದು ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದುಬಿಡುತ್ತಿದ್ದರು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಬದಲಿಗೆ ಬರುವವನು ಒಂದು ನಕ್ಷೆಯನ್ನು ತಾನೇ ನೋಡಿ ಮುಗಿಸಬೇಕು. ಅಕ್ಕ ಪಕ್ಕದಲ್ಲಿರಬಹುದು, ಬಾಯಿ ಬಿಟ್ಟರೆ ಪರೀಕ್ಷೆ ರದ್ದು.

ಬದಲಿಗೆ ಬಂದವನಿಗೆ ಕಚೇರಿ ಇಟ್ಟ ಹೆಸರು ವಟವಟ. ನಿದ್ದೆಯಲ್ಲೂ ಮಾತಾಡುವ ಆಸಾಮಿ. ಪರೀಕ್ಷೆಯ ದಿನ ಮಾತ್ರ ತುಟಿಪಿಟಕ್ ಎನ್ನದೆ ಕೂತ. ದೊಡ್ಡ ಅಲೆಗಳಿಗೆ ಚಕಚಕನೆ ಗುರುತು ಹಾಕಿದ. ಆಮೇಲೆ ಒಂದು ಸಣ್ಣ, ಮಂಕಾದ ತುಂಡು ಬಂತು. ಅದರಲ್ಲಿ ತೆಳು ಪ್ಲಾಸ್ಮಾ ಹೊರಗಿನ ದಟ್ಟ ಗಾಳಿಗಿಂತ ಜೋರಾಗಿ ಓಡುತ್ತಿತ್ತು. ಬೇಲಿಯೊಳಗಿನ ತೆಳು ಪ್ಲಾಸ್ಮಾ ಸೋಮಾರಿ. ಅದು ಹಾಗೆ ಓಡಬೇಕಾದರೆ ಸುರುಳಿಗೆ ಸಿಕ್ಕಿರಬೇಕು. ವಟವಟ 'ಉಪಕರಣದ ದೋಷ' ಎಂದು ಬರೆದು ಮುಂದೆ ಸರಿಸಿದ.

ಅಕ್ಕ ಪರದೆಯತ್ತ ಬಾಗಿದಳು. ಮೂಲೆಯಲ್ಲಿ ಮುಖ್ಯಸ್ಥರು ಕೂತಿದ್ದರು. ಸುಮ್ಮನಿದ್ದರೆ ಮಗಳು ಸಿಗುತ್ತಾಳೆ. ಅವಳು ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅದು ದೋಷ ಅಲ್ಲ ಕಣೋ, ಸುರುಳಿ! ಹಾಕು ಗುರುತು!"

ಮುಖ್ಯಸ್ಥರು ನಿಟ್ಟುಸಿರು ಬಿಟ್ಟರು. ಅದರಲ್ಲಿ ಬೇಸರಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. ಟೀ ಕುಡಿದು ಬರುತ್ತೇನೆಂದು ಎದ್ದು ಹೋದರು.

ವಟವಟ ಗುರುತು ಹಾಕಿ, ತಲೆ ತಗ್ಗಿಸಿಕೊಂಡೇ ಹೇಳಿದ: "ನನಗೂ ಕಂಡಿತ್ತು ಅಕ್ಕ."

"ಏನಂದೆ?"

"ಪಾಸಾದ್ರೆ ನಿಮ್ಮ ಹಾಗೆ ನನ್ನನ್ನೂ ಇಲ್ಲೇ ಕಟ್ಟಿಹಾಕ್ತಾರೆ. ಮನೇಲಿ ಅವಳಿ ಕೂಸುಗಳು. ಒಂದು ಮಲಗಿದ್ರೆ ಇನ್ನೊಂದು ಏಳುತ್ತೆ. ಹೆಂಡತಿ ಒಬ್ಬಳೇ."

"ಅದಕ್ಕೆ ಅಲೇನ ಹಾಳು ಮಾಡ್ತಿದ್ಯಾ?"

"ಎಲ್ಲಿ ಹಾಳಾಗ್ತಿತ್ತು? ನೀವಿದ್ರಲ್ಲ. ನೀವು ಬಾಯಿ ಮುಚ್ಚಿಕೊಂಡು ಇರೋರಲ್ಲ ಅಂತ ಗೊತ್ತಿತ್ತು."

ಅಕ್ಕನಿಗೆ ಅವನ ಕೆನ್ನೆಗೆ ಬಾರಿಸೋಣ ಎನಿಸಿತು, ನಗುವೂ ಬಂತು. ತನ್ನ ಬಾಗಿಲಿಗೆ ಬೀಗ ಹಾಕಿದ್ದು ಮುಖ್ಯಸ್ಥರೊಬ್ಬರೇ ಅಲ್ಲ, ಬೀಗದ ಕೈ ತನ್ನ ನಾಲಿಗೆಯ ಮೇಲೇ ಇತ್ತು.

ಮುಖ್ಯಸ್ಥರು ಬಂದಾಗ ಅವಳು ವಟವಟನ ಗುಟ್ಟು ಬಿಟ್ಟುಕೊಡಲಿಲ್ಲ. "ಸಾರ್, ಮುಂದಿನ ನಕ್ಷೆಗೆ ಇವನನ್ನ ಒಬ್ಬನೇ ಕೂರಿಸಿ. ನಾನು ರಜೆ ಹಾಕ್ತೀನಿ. ಫೋನೂ ಮಾಡಲ್ಲ."

"ಏನಾದ್ರೂ ತಪ್ಪಿಹೋದ್ರೆ?"

"ಹೋದ್ರೆ ಹೋಗ್ಲಿ." ಎನ್ನುತ್ತ ಅಕ್ಕ ಮತ್ತೆ ಸೆರಗನ್ನು ಬೆರಳಿಗೆ ಸುತ್ತಿದಳು. ವಟವಟನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮುಖ್ಯಸ್ಥರಿಗೆ ಒಲ್ಲೆ ಎನ್ನಲು ನೆಪ ಸಿಗಲಿಲ್ಲ.

ನಕ್ಷೆ ಬರುವ ದಿನ ಅಕ್ಕ ಬೇಕರಿಯ ಹಿಂದಿನ ಕೋಣೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು. ಮನಸ್ಸು ಮಾತ್ರ ಆ ಕುರ್ಚಿಯ ಸುತ್ತಲೇ ಸುತ್ತುತ್ತಿತ್ತು. ಇಷ್ಟು ಹೊತ್ತಿಗೆ ನೋಡಿರುತ್ತಾನೆ. ಬಿಟ್ಟಿರುತ್ತಾನೆ. ಫೋನ್ ಹೊಡೆದುಕೊಂಡಿತು.

"ಹಾಕಿಬಿಟ್ಟೆ ಅಕ್ಕ," ವಟವಟನ ದನಿ ಅಳುವ ಹಾಗಿತ್ತು. "ಒಂದರ ಹಿಂದೆ ಒಂದು ಸುರುಳಿ. ಬಿಡೋಣ ಅಂತಲೇ ಕೂತಿದ್ದೆ. ಕೈ ಕೇಳಲಿಲ್ಲ. ಸಾರ್ ಬೆನ್ನು ತಟ್ಟಿದ್ರು. ಮುಗೀತು ನನ್ನ ಕತೆ."

ಬಿಡುಗಡೆ ಬಂದು ಬಾಗಿಲಲ್ಲಿ ನಿಂತಿತ್ತು. ಅಕ್ಕ ಅದರ ಮುಖ ನೋಡಿದಳು. ಅದರ ಬೆನ್ನ ಹಿಂದೆ ಎರಡು ಕೂಸುಗಳ ಅಳು ಕೇಳಿದಂತಾಯಿತು.

"ಸಾರ್‌ಗೆ ಹೇಳು," ಎಂದಳು ಕೊನೆಗೆ, "ಒಂದು ತಿಂಗಳು ನೀನು, ಒಂದು ತಿಂಗಳು ನಾನು. ಒಪ್ಪದಿದ್ರೆ ಇಬ್ಬರೂ ಇಲ್ಲ."

"ನೀವು ಬರದೇ ಇರ್ತೀರಾ ಅಕ್ಕ?"

"ಇರೋಕಾಗಲ್ಲ ಅಂತ ನಿನಗೂ ನನಗೂ ಗೊತ್ತು. ಅವರಿಗೆ ಹೇಳಬೇಡ."

ಮಗಳು ಅರ್ಧ ಹೆಣೆದ ಜಡೆಯನ್ನು ಅವಳ ಕೈಯಿಂದ ಎಳೆದುಕೊಂಡು ತಿರುಗಿದಳು. "ಮತ್ತೆ ಹೋಗ್ತೀಯಾ?"

"ಇಲ್ಲಿ ಬಾ, ಜಡೆ ಬಿಚ್ಚಿಹೋಗುತ್ತೆ," ಎಂದಳು ಅಕ್ಕ.

ಮಗಳು ಬರಲಿಲ್ಲ.