ಹಿಂದಿನ ಸೀಟಿನ ಸಾಹುಕಾರ

ಕೆಂಪು ಬಾಳೆಹಣ್ಣೊಂದನ್ನು ಬಿಟ್ಟರೆ ಕಮಲಾಪುರದ ಯಾವುದರ ಬಗ್ಗೆಯೂ ದೇವೀಂದ್ರಪ್ಪ ಸಾಹುಕಾರರ ಬಾಯಲ್ಲಿ ಒಳ್ಳೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಕಲಬುರಗಿಯ ಜಗತ್ ವೃತ್ತದ ಹತ್ತಿರ ನಮ್ಮ ವಿಮಾ ಕಚೇರಿ. ಅಪಘಾತವಾದ ಕಾರುಗಳ ಕ್ಲೇಮು ನೋಡುವುದು ನನ್ನ ಕೆಲಸ. ತೊಗರಿ ವ್ಯಾಪಾರದ ಈ ಸಾಹುಕಾರರು ವರ್ಷಕ್ಕೊಮ್ಮೆ ಪಾಲಿಸಿ ಹೊಸದು ಮಾಡಿಸಲು ಬಂದವರು ಸುಮ್ಮನೆ ದುಡ್ಡು ಕಟ್ಟಿ ಹೋದದ್ದೇ ಇಲ್ಲ. ನನ್ನ ಮೇಜಿನ ಮುಂದೆ ಕೂತು, ಚಹಾ ತರಿಸಿಕೊಂಡು, ಅದೇ ತಕರಾರು ತೆಗೆಯುತ್ತಿದ್ದರು.

"ನಾವು ಸಿಟಿ ಮಂದಿ ಸಂಭಾಳಿಸಿ ಗಾಡಿ ಹೊಡಿತೀವಿ, ಮಂಜುಷಾಬಾಯಿ. ಕಮಲಾಪುರದವರು ಕಣ್ಣ ಮುಚ್ಚಿ ಹೊಡಿತಾರ. ಅವರು ಮಾಡಿದ್ದಕ್ಕ ನಮ್ಮ ಪ್ರೀಮಿಯಂ ಯಾಕ ಏರಿಸ್ತೀರಿ?"

ಕಾರಿನ ವಿಮೆಗೆ ಊರಿಗೊಂದು ವಲಯ ಇಲ್ಲ, ಕೆಲವು ಮಹಾನಗರಗಳು ಒಂದು ವಲಯ, ಉಳಿದ ದೇಶವೆಲ್ಲ ಇನ್ನೊಂದು, ಕಲಬುರಗಿ ಕಮಲಾಪುರ ಎರಡೂ ಒಂದೇ ಚೀಲದಲ್ಲಿವೆ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಮದುವೆ ಮನೆಯಲ್ಲಿ ಹಮಾಲರ ಪಂಕ್ತಿಯಲ್ಲಿ ಕೂಡಿಸಿದವರ ಹಾಗೆ ಮುಖ ಗಂಟಿಕ್ಕುತ್ತಿದ್ದರು.

ಸಿಟಿ ಮಂದಿ ಸಂಭಾಳಿಸುವುದು ಎಂಥದ್ದೆಂದು ನನ್ನ ಫೈಲುಗಳ ಕಪಾಟಿಗೆ ಗೊತ್ತು. ಜಗತ್‌ನಲ್ಲಿ ಕನ್ನಡಿ ಒಡೆದದ್ದು, ಶರಣಬಸವೇಶ್ವರ ಗುಡಿಯ ಕಡೆ ಬಂಪರ್ ತಾಗಿದ್ದು, ಇಲ್ಲಿಯವೆಲ್ಲ ಇಂಥ ಸಣ್ಣಪುಟ್ಟ ಕ್ಲೇಮುಗಳೇ. ಅದಕ್ಕೆ ಕಾರಣ ಇವರ ಜಾಣತನವಲ್ಲ, ಜೋರಾಗಿ ಹೋಗಲು ಜಾಗವೇ ಇಲ್ಲ. ಅದೇ ಮಹಾಶಯರು ಊರು ದಾಟಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ರಸ್ತೆಗೆ ಬಿದ್ದರೆ ಬಲಗಾಲು ಎತ್ತುವುದಿಲ್ಲ. ಕಮಲಾಪುರದ ತಿರುವುಗಳಲ್ಲಿ ಜಜ್ಜಿಹೋದ ಕಾರುಗಳ ಫೈಲು ತೆಗೆದರೆ ಮಾಲೀಕರ ವಿಳಾಸ ಹೆಚ್ಚಾಗಿ ಕಲಬುರಗಿಯದ್ದೇ. ಇದನ್ನೂ ಹೇಳಿದ್ದೆ. ಹೆಣ್ಣುಮಕ್ಕಳಿಗೆ ಗಾಡಿಯ ವಿಷಯ ತಿಳಿಯುವುದಿಲ್ಲ ಎಂದು ಸಾಹುಕಾರರು ನಕ್ಕಿದ್ದರು. ಇಂಥವರನ್ನು ಅವರ ಕ್ಲಬ್ಬಿನವರು ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದ್ದರು. ಸೀಟ್ ಬೆಲ್ಟಿನ ಮೇಲೆ ಭಾಷಣ ಬಿಗಿದು, ಬೆಲ್ಟ್ ಹಾಕದೆ ಮನೆಗೆ ಹೋಗುವ ಅಧ್ಯಕ್ಷರು.

ಒಂದು ಮಧ್ಯಾಹ್ನ ಸಾಹುಕಾರರು ಹೆಂಡತಿ ಶಿವಕಾಂತಮ್ಮನವರ ಜೊತೆ ಹುಮನಾಬಾದಿನಲ್ಲಿ ಬಸುರಿಯೊಬ್ಬಳ ಕುಬಸದ ಊಟ ಮುಗಿಸಿಕೊಂಡು ತಾವೇ ಕಾರು ನಡೆಸುತ್ತ ವಾಪಸು ಬರುತ್ತಿದ್ದರು. ಕಮಲಾಪುರದ ಹತ್ತಿರ ತಿರುವಿನಲ್ಲೇ ಒಂದು ಬಸ್ಸನ್ನು ಹಿಂದೆ ಹಾಕಲು ಹೋಗಿ, ಆಚೆ ಬದಿಗೆ ನಿಂತಿದ್ದ ಲಾರಿಗೆ ಗುದ್ದಿದರು. ಬೆಲ್ಟ್ ಹಾಕಿಕೊಂಡಿದ್ದ ಶಿವಕಾಂತಮ್ಮನವರ ಬಲಗೈ ಮುರಿಯಿತು. ಸಾಹುಕಾರರ ಎದೆಗೆ ಸ್ಟೇರಿಂಗ್ ಬಡಿಯಿತು. ಆದರೂ ಅವರಿಗೆ ಎಚ್ಚರವಿತ್ತು, ಎಚ್ಚರಕ್ಕಿಂತ ಹೆಚ್ಚು ಸೊಕ್ಕಿತ್ತು. ಆಂಬ್ಯುಲೆನ್ಸಿಗಿಂತ ಮೊದಲು ಅವರು ಫೋನ್ ಮಾಡಿದ್ದು ಸರ್ಫರಾಜನಿಗೆ. ಕಮಲಾಪುರದ ಈ ಸರ್ಫರಾಜ್ ಅವರ ತೊಗರಿ ಚೀಲಗಳನ್ನು ತನ್ನ ಪಿಕಪ್‌ನಲ್ಲಿ ಸಾಗಿಸುವವನು.

ಸಾಹುಕಾರ ಮಾಡಿದ ತಪ್ಪನ್ನು ಅವನ ಕೈಕೆಳಗಿನವನು ಹೊರುವುದು ನಮ್ಮ ಕಡೆ ಹಳೆಯ ರೂಢಿ. ಸರ್ಫರಾಜ್ ಓಡಿ ಬಂದ, ಹೇಳಿದ್ದಕ್ಕೆಲ್ಲ ಹೂಂ ಅಂದ. ಕಾರು ನಡೆಸುತ್ತಿದ್ದವನು ಅವನು, ತಾನು ಹಿಂದಿನ ಸೀಟಿನಲ್ಲಿ ಮಲಗಿದ್ದೆ ಎಂದು ಸಾಹುಕಾರರು ಆಸ್ಪತ್ರೆಯಲ್ಲಿ ಪೊಲೀಸರಿಗೆ ಹೇಳಿಕೆ ಕೊಟ್ಟರು. ಕೇಳಿದಾಗ ಶಿವಕಾಂತಮ್ಮನವರೂ ಹೌದು ಎಂದರು. ಸಾಹುಕಾರರಿಗೆ ಲೈಸೆನ್ಸ್ ಇರಲಿಲ್ಲವೇ ಎಂದರೆ, ಇತ್ತು. ಕುಡಿದಿದ್ದರೇ ಎಂದರೆ, ಅವರು ಕುಡಿಯುವವರೇ ಅಲ್ಲ. ಸುರಕ್ಷತಾ ಸಮಿತಿಯ ಅಧ್ಯಕ್ಷ ತಿರುವಿನಲ್ಲಿ ಬಸ್ಸು ಹಿಂದೆ ಹಾಕಲು ಹೋಗಿ ಗುದ್ದಿದ ಎಂದು ಊರು ಆಡಿಕೊಳ್ಳಬಾರದು, ಅಷ್ಟೇ. ಕಮಲಾಪುರದ ಡ್ರೈವರ್ ಗುದ್ದಿದ ಎಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಕೇಳಲೂ ಇಲ್ಲ.

ನಾನು ಕಾರು ನೋಡಲು ಹೋದೆ. ಸ್ಟೇರಿಂಗ್ ಬಾಗಿಹೋಗಿತ್ತು. ಅದರ ಹಿಂದೆ ಕೂತಿದ್ದನೆಂಬ ಸರ್ಫರಾಜನ ಮೈಮೇಲೆ ಒಂದು ತರಚು ಗಾಯವಿಲ್ಲ. ಹಿಂದೆ ಮಲಗಿದ್ದರೆಂಬ ಸಾಹುಕಾರರ ಎದೆಯ ಎಲುಬುಗಳು ಮುರಿದಿದ್ದವು. ಸುಳ್ಳು ಹೇಳಲಿಕ್ಕೂ ಒಂದಿಷ್ಟು ತಲೆ ಬೇಕು. ಕಾರು ನಡೆಸಿದವರು ಯಾರೆಂಬುದು ಖಾತ್ರಿಯಿಲ್ಲ ಎಂದು ಬರೆದು ಕ್ಲೇಮು ತಡೆಹಿಡಿದೆ.

ವಾರ ಕಳೆಯುವುದರೊಳಗೆ ಸಾಹುಕಾರರು ಅದೇ ಪೆಟ್ಟಿನಿಂದ ತೀರಿಕೊಂಡರು. ಅದುವರೆಗೆ ದಂಡ ಕಟ್ಟಿ ಮುಗಿಸಬಹುದೆಂದು ಸರ್ಫರಾಜ್ ನಂಬಿದ್ದ ಕೇಸು ಸಾವಿನ ಕೇಸಾಯಿತು. ಲೈಸೆನ್ಸ್ ಹೋಗಬಹುದು, ಜೈಲೂ ಆಗಬಹುದು. ಅವನು ಠಾಣೆಗೆ ಹೋಗಿ ನಿಜ ಹೇಳಿದ. ಜೈಲಿಗೆ ಹೆದರಿ ಮಾತು ತಿರುಗಿಸುತ್ತಿದ್ದಾನೆ ಎಂದರೇ ಹೊರತು ಯಾರೂ ಅವನನ್ನು ನಂಬಲಿಲ್ಲ. ಅವನನ್ನು ಉಳಿಸಬಲ್ಲವರು ಈಗ ಶಿವಕಾಂತಮ್ಮ ಒಬ್ಬರೇ.

ಅವರ ಬಾಯಿ ಮುಚ್ಚಿಸಲು ಮೈದುನ ವಿವೇಕಾನಂದ ಇದ್ದರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಪುಣ್ಯಾತ್ಮ. ಸತ್ತವರ ಮರ್ಯಾದೆಗಿಂತ ದೊಡ್ಡದು ಯಾವುದೂ ಇಲ್ಲವಂತೆ, ಡ್ರೈವರುಗಳಿಗೆ ಕೇಸು ಗೀಸು ರೂಢಿಯಂತೆ. ಪರರ ಅಜಾಗರೂಕತೆಗೆ ಬಲಿಯಾದ ಮಹನೀಯರು ಎಂದು ಸಾಹುಕಾರರ ಫೋಟೋ ಹಾಕಿ ಆ ತಿರುವಿನಲ್ಲಿ ಬೋರ್ಡು ನಿಲ್ಲಿಸಲು ಕ್ಲಬ್ಬಿನವರೂ ತಯಾರಾಗಿದ್ದರು. ಫೋಟೋದಲ್ಲಿ ಯಾವ ಶಾಲು ಇರಬೇಕು ಎಂಬುದರ ಮೇಲೆ ಒಂದು ಮೀಟಿಂಗೂ ಆಯಿತಂತೆ.

ಶಿವಕಾಂತಮ್ಮ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಒಂದು ದಿನ ನಮ್ಮ ಕಚೇರಿಗೆ ಬಂದರು. ಸರ್ಫರಾಜನ ಹೆಂಡತಿ ಲತೀಫಾ ದಿನಾ ಊರಂಚಿನ ಶರಣಸಿರಸಗಿಯ ಅವರ ಹೊಸ ಮನೆಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಾಳೆ, ಬೈಯುವುದಿಲ್ಲ, ಬೇಡುವುದಿಲ್ಲ, ಸಂಜೆ ಎದ್ದು ಹೋಗುತ್ತಾಳೆ ಎಂದು ಹೇಳಿಕೊಂಡರು. ನಾನೂ ಮುಲಾಜು ನೋಡಲಿಲ್ಲ. ನೀವು ಹೌದು ಅಂದದ್ದಕ್ಕೇ ಅವಳು ಅಲ್ಲಿ ಕೂತಿದ್ದಾಳೆ, ಅದನ್ನು ಠಾಣೆಯಲ್ಲಿ ಹೋಗಿ ಇಲ್ಲ ಅನ್ನಿ ಎಂದೆ. ಅವರು ಎದ್ದು ಹೋದರು. ಮರುದಿನ ಒಬ್ಬರೇ ಠಾಣೆಗೆ ಹೋಗಿ ನಿಜ ಹೇಳಿ ಬಂದರೆಂದು ತಿಳಿಯಿತು.

ತಿಳಿದದ್ದು ವಿವೇಕಾನಂದರಿಂದ. ಅತ್ತಿಗೆಗೆ ಹೇಳಿಕೊಟ್ಟು ನಮ್ಮ ಮನೆತನದ ಮಾನ ಹರಾಜಿಗಿಟ್ಟವಳು ನೀನು ಎಂದು ಅವರು ನನ್ನ ಮೇಜು ಗುದ್ದಿದರು. ನನಗೂ ರೇಗಿತು. ಮಾಲೀಕನೇ ಕಾರು ನಡೆಸುವಾಗ ಸತ್ತರೆ ಅವನ ನಾಮಿನಿಗೆ, ಅಂದರೆ ನಿಮ್ಮ ಅತ್ತಿಗೆಗೆ, ಹದಿನೈದು ಲಕ್ಷ ಸಿಗುವ ರಕ್ಷಣೆ ಇದೇ ಪಾಲಿಸಿಯಲ್ಲಿದೆ, ನಿಮ್ಮ ಅಣ್ಣ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಅದನ್ನೂ ಕಳೆದಿದ್ದಾರೆ ಎಂದು ಹೇಳಿದೆ. ಗುದ್ದುತ್ತಿದ್ದ ಕೈ ಮೇಜಿನ ಮೇಲೆಯೇ ನಿಂತಿತು.

"ಕುಂದರ್‍ರಿ, ಕುಂದರ್‍ರಿ," ಎಂದರು, ನಾನು ಕೂತೇ ಇದ್ದೆ. "ಸತ್ಯ ಅಂಬೋದು ಸತ್ಯನೇ ನೋಡ್ರಿ ಬಾಯಾರ. ಅದನ್ನ ಮುಚ್ಚಿಡಬಾರದು."

ಇಷ್ಟು ಚಂದ ತಿರುಗುವ ಗಾಡಿಯನ್ನು ನಾನು ಯಾವ ತಿರುವಿನಲ್ಲೂ ನೋಡಿಲ್ಲ. ಅಂದೇ ಕ್ಲೇಮಿನ ಅರ್ಜಿ ತಯಾರಾಯಿತು. ಅತ್ತಿಗೆಗೆ ಒಂದು ಮಾತೂ ಹೇಳದೆ ಈ ಮನುಷ್ಯ ಠಾಣೆಗೆ ಹೋಗಿ, ಅಣ್ಣನೇ ಕಾರು ನಡೆಸುತ್ತಿದ್ದನೆಂದು ಬೇಗ ಬರೆದುಕೊಡಿ, ವಿಮೆಗೆ ಬೇಕು ಎಂದು ಗಂಟುಬಿದ್ದರು. ಪಿಎಸ್‌ಐಗೆ ಸಂಶಯ ಬರದೆ ಇರುತ್ತದೆಯೇ? ಶಿವಕಾಂತಮ್ಮನವರನ್ನು ಮತ್ತೆ ಕರೆಸಿದರು. ಪಾಲಿಸಿ ತೆಗೆದುಕೊಂಡು ಬರಲು ನನಗೂ ಹೇಳಿದರು.

ನಾನು ಹೋದಾಗ ಸರ್ಫರಾಜ್ ಗೋಡೆಗೆ ಒರಗಿ ನಿಂತಿದ್ದ. ಗಡ್ಡ ಬೆಳೆದಿತ್ತು. ವಿವೇಕಾನಂದ ಕುರ್ಚಿಯಲ್ಲಿದ್ದರು.

"ಅಮ್ಮಾ, ಮೊದಲ ಹಿಂದಿನ ಸೀಟು ಅಂದ್ರಿ. ಈಗ ರೊಕ್ಕ ಬರ್ತದಂತ ಮುಂದಿನ ಸೀಟು ಅಂತೀರಿ," ಎಂದರು ಪಿಎಸ್‌ಐ. "ನಾ ಬರಕೊಂಡ್ರೂ ಕೋರ್ಟಿನ್ಯಾಗ ಯಾರು ನಂಬ್ತಾರ?"

"ಯಾವ ರೊಕ್ಕರೀ?" ಎಂದರು ಶಿವಕಾಂತಮ್ಮ.

ತರ್ಕಶಾಸ್ತ್ರಿಗಳು ಫ್ಯಾನು ನೋಡತೊಡಗಿದರು. ನಾನೇ ಎಲ್ಲ ಬಿಡಿಸಿ ಹೇಳಿದೆ. ಶಿವಕಾಂತಮ್ಮ ಪೂರ್ತಿ ಕೇಳಿಸಿಕೊಂಡು ಪಿಎಸ್‌ಐ ಕಡೆ ತಿರುಗಿದರು. ಆ ರೊಕ್ಕ ತನಗೆ ಬೇಡವೆಂದು ಬರೆದುಕೊಟ್ಟರೆ ತನ್ನ ಮಾತು ನಂಬುತ್ತೀರಾ ಎಂದು ಕೇಳಿದರು. ಹಾಗಾದರೆ ಸುಳ್ಳು ಹೇಳಿ ನಿಮಗೆ ಆಗಬೇಕಾದ್ದೇನೂ ಉಳಿಯುವುದಿಲ್ಲ ಎಂದರು ಪಿಎಸ್‌ಐ. ಶಿವಕಾಂತಮ್ಮ ನನ್ನ ಮುಂದೆ ಎಡಗೈ ಚಾಚಿ ಒಂದು ಹಾಳೆ ಕೇಳಿದರು.

ವಿವೇಕಾನಂದ ಎದ್ದು ನಿಂತು, ಅತ್ತಿಗೆಗೆ ತಲೆ ಕೆಟ್ಟಿದೆ, ನಾಲ್ಕು ದಿನ ತಡೆಯಿರಿ, ವಕೀಲರನ್ನು ಕೇಳೋಣ ಎಂದು ಗಡಬಡಿಸಿದರು. ಅವರ ದನಿ ಕೇಳಿಯೇ ನನಗೆ ಹೇಸಿಗೆಯಾಯಿತು. ಆದರೂ ನನಗೆ ತಡೆಯಲಾಗಲಿಲ್ಲ.

"ಅವ್ವಾರ, ಅದು ನಿಮ್ಮ ಹಕ್ಕಿನ ರೊಕ್ಕರೀ," ಎಂದೆ. "ನೀವು ಹೇಳಾಕತ್ತಿದ್ದೂ ಖರೇನೇ ಅದ. ಯಾಕ ಬಿಡ್ತೀರಿ?"

"ನಾ ಹೌದು ಅಂದಿದ್ದಕ್ಕ ಇಂವಾ ಇಲ್ಲಿ ನಿಂತಾನವ್ವ," ಎಂದರು ಅವರು. "ರೊಕ್ಕ ಕೈಯಾಗ ಹಿಡಕೊಂಡು ಇಲ್ಲ ಅಂದ್ರ, ಅದು ಇಲ್ಲ ಅಂದಂಗ ಆಗಂಗಿಲ್ಲ."

ಬರೆಯಬೇಕಾದ್ದನ್ನು ನಾನು ಹೇಳುತ್ತ ಹೋದೆ, ಅವರು ಎಡಗೈಯಿಂದ ಸೊಟ್ಟ ಅಕ್ಷರಗಳಲ್ಲಿ ಬರೆಯುತ್ತ ಹೋದರು. ಇಷ್ಟು ವರ್ಷದ ನೌಕರಿಯಲ್ಲಿ ಕ್ಲೇಮು ಬೇಡ ಎನ್ನುವವರನ್ನು ನಾನು ನೋಡಿದ್ದು ಅಂದೇ. ನನ್ನ ಕಣ್ಣು ತುಂಬಿದವು. ಅವರ ಕಣ್ಣಲ್ಲಿ ಏನೂ ಇರಲಿಲ್ಲ. ಸಹಿ ಹಾಕಿ, ಹಾಳೆಯನ್ನು ಪಿಎಸ್‌ಐ ಮುಂದೆ ಸರಿಸಿದರು.

"ಈಗ ಬರಕೋರಿ," ಎಂದರು. "ಗಾಡಿ ಹೊಡ್ಯಾಕತ್ತಿದ್ದು ನನ್ನ ಗಂಡ. ಸರ್ಫರಾಜ ಅವನ ಮನ್ಯಾಗಿದ್ದ."