ಮೀನಿನ ಫ್ರಾಕಿನ ಒಳಮಡಿಕೆ

ಮತ್ತೆ ಆ ಕಿರ್ ಎಂಬ ಸದ್ದು, ಒಂದು ಸುತ್ತು ಸುಮ್ಮನಿದ್ದು ಮುಂದಿನ ಸುತ್ತಿಗೆ ನರಳುತ್ತದೆ ಈ ಫ್ಯಾನು, ಊರಿನವರ ಫ್ಯಾನುಗಳನ್ನೆಲ್ಲ ರಿಪೇರಿ ಮಾಡುವ ಅಳಿಯನ ಮನೆಯ ಫ್ಯಾನು, ಬೇಸಿಗೆ ಬಂತೆಂದರೆ ಅವನಿಗೆ ಅಂಗಡಿಯಲ್ಲಿ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ, ಇದಕ್ಕೊಂದು ತೊಟ್ಟು ಎಣ್ಣೆ ಬಿಡಲು ಕೈ ಬರುವುದಿಲ್ಲ, ಮಗಳು ಇದ್ದಾಗ ಛೇಡಿಸುತ್ತಿದ್ದಳು, ಇದನ್ನೂ ಬಿಚ್ಚಿ ಅಂಗಡಿಗೆ ಕಳಿಸ್ತೀನಿ ರೀ, ಸರದಿ ಬಂದಾಗ ನೋಡಿ ಸಾಕು—ಅವನು ನಗುತ್ತಿದ್ದ, ಈಗ ಛೇಡಿಸುವವರಿಲ್ಲ, ಫ್ಯಾನು ನರಳುತ್ತದೆ, ಅದರ ಕೆಳಗೆ ನಾನು ಮೊಮ್ಮಗಳ ಫ್ರಾಕನ್ನು ಮಡಿಲಲ್ಲಿ ಹರಡಿಕೊಂಡು ಕುಳಿತಿದ್ದೇನೆ, ಬಿಳಿಯ ಬಟ್ಟೆ, ಅದರ ತುಂಬ ಬೆರಳುದ್ದದ ನೀಲಿ ಮೀನುಗಳು, ಎಲ್ಲವೂ ಮುಖ ಮೇಲೆ ಮಾಡಿಕೊಂಡು ಈಜುತ್ತಿವೆ, ಮೀನಿನ ಫ್ರಾಕು ಎಂದು ಹೆಸರಿಟ್ಟವಳೂ ಮಗಳೇ, ನದಿಗೆ ಹೋಗುವಾಗ ಮೀನುಗಳನ್ನ ಕರ್ಕೊಂಡು ಹೋಗ್ಬೇಕು, ಇಲ್ದಿದ್ರೆ ಅವಕ್ಕೆ ಬೇಜಾರಾಗುತ್ತೆ ಎಂದು ಕೂಸಿಗೆ ಹೇಳಿದ್ದಳು, ಅದಕ್ಕೇ ಇವತ್ತು ಕೂಸು ಪೆಟ್ಟಿಗೆಯ ತಳದಿಂದ ಇದನ್ನು ಎಳೆದು ತಂದಿದ್ದು, ನಾಳೆ ಅಪ್ಪ ನದಿಗೆ ಕರೆದುಕೊಂಡು ಹೋಗುತ್ತಾನೆ, ಪ್ರತಿ ಬೇಸಿಗೆ ಹೋಗುತ್ತಿದ್ದ ಹಾಗೆ, ಆದರೆ ಇಬ್ಬರೇ. ಹಾಕಿಕೊಂಡು ನಿಂತಳು, ಮಂಡಿ ಪೂರ್ತಿ ಹೊರಗೆ, ಒಂದು ವರ್ಷದಲ್ಲಿ ಬಿದಿರಿನ ಹಾಗೆ ಬೆಳೆದಿದ್ದಾಳೆ, ತಾಯಿ ಇಲ್ಲದ ಮಕ್ಕಳು ಇಷ್ಟು ಬೇಗ ಬೆಳೆಯಬಾರದು—ಅಜ್ಜಿ, ಗಿಡ್ಡ ಆಯ್ತು, ಒಳಗಿನ ಮಡಿಕೆ ಬಿಚ್ಚಿಕೊಡು ಎಂದಳು, ಎಷ್ಟು ಸಲೀಸಾಗಿ ಎಂದಳು, ಲೋಟ ಕೊಡು ಎಂದ ಹಾಗೆ, ಯಾವ ಮಡಿಕೆಯೇ ಎಂದೆ ನಾನು, ಗೊತ್ತಿದ್ದೂ ಎಂದೆ, ಅಮ್ಮ ಇಟ್ಟಿದಾಳಲ್ಲ, ನಾನು ಉದ್ದ ಆದ ಹಾಗೆ ಒಂದೊಂದು ವರ್ಷ ಒಂದೊಂದು ಬಿಚ್ಚೋದು, ಅಂಚನ್ನು ತಿರುಗಿಸಿ ನೋಡಿದಳು, ಅಲ್ಲಿ ಏನೂ ಇರಲಿಲ್ಲ, ಉಗುರಿನಷ್ಟು ಅಗಲದ ಸಪೂರ ಅಂಚು, ನನ್ನ ಕೈಯ ಹೊಲಿಗೆ, ಹೊರಗಿನಿಂದ ಒಂದು ಎಳೆಯೂ ಕಾಣದ ಹೊಲಿಗೆ, ಆಗ ನನ್ನ ಬಾಯಿಂದ ಬಂದ ಮಾತು, ದೇವರೇ, ನಿಮ್ಮಮ್ಮ ಇಡೋದಕ್ಕೆ ಮರೆತಿರ್ಬೇಕು ಮರಿ.

ಮರೆತಿರಬೇಕು. ಕೂಸು ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡುವ ನೆಪದಲ್ಲಿ ನಾನೂ ಹಗುರಾಗುತ್ತಿದ್ದೆ, ಅವಳು ಫ್ರಾಕು ಕಳಚಿ ನನ್ನ ಕೈಗೆ ಕೊಟ್ಟು, ಮತ್ತೆ ಇದೆ ಅಂತ ಯಾಕೆ ಹೇಳಿದ್ಲು ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಕೋಣೆಗೆ ಹೋದಳು, ಈಗ ಅಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ನಿದ್ದೆಯಿಲ್ಲ, ಹೆಬ್ಬೆರಳಿನಿಂದ ಗೋಡೆಯ ಸುಣ್ಣ ಕೆರೆಯುವ ಸದ್ದು ಕೇಳುತ್ತಿದೆ, ಕೆಲವು ತಿಂಗಳಿಂದ ಅವಳಿಗೆ ತಾಯಿ ಎಂದರೆ ಉಳಿದದ್ದು ತಾಯಿ ಹೇಳಿದ ಮಾತುಗಳು ಮಾತ್ರ, ಅದರಲ್ಲಿ ಒಂದನ್ನು ಇವತ್ತು ಊಟದ ಹೊತ್ತಿಗೆ ನಾನು ಸುಳ್ಳು ಮಾಡಿದೆ. ಮಗಳು ಮರೆಯುವವಳಲ್ಲ. ಹೋದ ಬೇಸಿಗೆ, ಇದೇ ಕಿಟಕಿ, ಇದೇ ಮಿಷನ್ನು, ಬಿಸಿಲು ಇದೇ ರೀತಿ ನೆಲದ ಮೇಲೆ ಹಲಗೆಯ ಹಾಗೆ ಬಿದ್ದಿದೆ, ಅವಳು ಬೆವರು ಒರೆಸಿಕೊಳ್ಳುತ್ತ ಫ್ರಾಕಿನ ಕೆಳಗೆ ಮಡಿಕೆಯ ಮೇಲೆ ಮಡಿಕೆ ಹಾಕುತ್ತಿದ್ದಾಳೆ, ಗೇಣಗಲದ ಬಟ್ಟೆಯೆಲ್ಲ ಒಳಗೆ, ನಾನು ಮೂಗು ಮುರಿಯುತ್ತೇನೆ, ಇದೇನೇ ಇದು, ಕೂಸಿಗೆ ಫ್ರಾಕು ಹೊಲೀತಿದೀಯೋ ಗಂಟೆ ಕಟ್ತಿದೀಯೋ, ನಡೆದ್ರೆ ಢಣ್ ಅನ್ನುತ್ತೆ ನೋಡು—ಇರ್ಲಿ ಬಿಡಮ್ಮ, ಬೆಳೆಯೋ ಮಗು, ವರ್ಷಕ್ಕೊಂದು ಬಿಚ್ಚಿದ್ರಾಯ್ತು—ಅದಕ್ಕೆ ನಾನು, ಅದಕ್ಕೆ ನಾನು ಏನೆಂದೆ, ಬರೋ ಬೇಸಿಗೆಗೆ ನೀನೇನು ಊರು ಬಿಟ್ಟು ಹೋಗ್ತೀಯಾ, ಇನ್ನೊಂದು ಹೊಲಿದ್ರಾಯ್ತು ಎಂದೆ. ಅವಳ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತಿತು, ಒಂದು ಗಳಿಗೆ, ಆಮೇಲೆ ನಕ್ಕಳು, ಮತ್ತೆ ತುಳಿದಳು. ಆಗಲೇ ಅವಳು ವೈದ್ಯರನ್ನು ಕಂಡು ಬಂದಿದ್ದಳಂತೆ, ಗಂಡನಿಗೂ ಹೇಳಿರಲಿಲ್ಲ, ಕೂಸಿಗೆ ರಜೆ ಮುಗಿಯಲಿ ಎಂದು ಕಾದಿದ್ದಳಂತೆ, ನನಗೆ ತಿಳಿದದ್ದು ಮಳೆ ಹಿಡಿದ ಮೇಲೆ, ಹೆತ್ತ ಹೊಟ್ಟೆಗೆ ತಿಳಿಯುತ್ತದೆ ಎನ್ನುತ್ತಾರೆ, ನನ್ನದಕ್ಕೆ ತಿಳಿಯಲಿಲ್ಲ, ನನಗೆ ಅವತ್ತು ಕಂಡದ್ದು ದಪ್ಪ ಅಂಚು ಮಾತ್ರ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಬಿಡಲಿಲ್ಲ, ಈ ಬೀದಿಯ ಹುಡುಗಿಯರಿಗೆಲ್ಲ ಹೊಲಿಗೆ ಕಲಿಸಿದ ಕೈ, ಅಂಚು ನೋಡಿದರೆ ಅವರ ಮನೆ ಗೊತ್ತಾಗುತ್ತೆ ಎಂದು ಅವರಿಗೆ ಹೇಳುತ್ತಿದ್ದ ಬಾಯಿ, ನನ್ನ ಮನೆಯ ಕೂಸು ಅಂಥ ಅಂಚು ಹಾಕಿಕೊಂಡು ಬೀದಿಯಲ್ಲಿ ತಿರುಗುವುದೇ, ಮಗಳು ಸಂತೆಗೆ ಹೋಗಿದ್ದಾಗ ಮಡಿಕೆಗಳನ್ನೆಲ್ಲ ಬಿಚ್ಚಿದೆ, ಇಸ್ತ್ರಿ ತೀಡಿದೆ, ಹೆಚ್ಚಿನ ಬಟ್ಟೆಯನ್ನು ಸುತ್ತಲೂ ಕತ್ತರಿಸಿ ತೆಗೆದೆ, ಕತ್ತರಿ ಹಾಯಾಗಿ ಹೋಯಿತು, ಆ ಸದ್ದು ನನಗೆ ಯಾವತ್ತೂ ಇಷ್ಟ, ಹೊಸ ಬಟ್ಟೆಯ ಮೇಲೆ ಕತ್ತರಿ ಓಡುವ ಸದ್ದು, ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ, ಗುನುಗಿಕೊಳ್ಳುತ್ತಲೂ ಇದ್ದೆ. ಅವಳು ಬಂದಾಗ ಉದ್ದನೆಯ ಪಟ್ಟಿ ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು. ಕೈಚೀಲ ಕೆಳಗಿಟ್ಟಳು. ನೋಡಿದಳು. ಈಗ ನೋಡು ಹೇಗಿದೆ ಎಂದು ನಾನು ಫ್ರಾಕು ಎತ್ತಿ ಹಿಡಿದೆ, ಚೆನ್ನಾಗಿದೆಯಮ್ಮ ಎಂದಳು, ಬಗ್ಗಿ ಆ ಪಟ್ಟಿಯ ಒಂದು ತುದಿ ಹಿಡಿದು ಅಂಗೈಗೆ ಸುತ್ತಿಕೊಳ್ಳತೊಡಗಿದಳು, ನಿಧಾನವಾಗಿ, ಒಂದು ಸುತ್ತಿನ ಮೇಲೆ ಒಂದು ಸುತ್ತು, ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ, ಅದನ್ನು ಬಿಸಾಕು ಎಂದೆ, ಇರ್ಲಿ, ಏನಾದ್ರೂ ಮಾಡ್ತೀನಿ ಎಂದಳು, ಸುತ್ತುತ್ತಲೇ ಒಳಗೆ ಹೋದಳು. ಒಂದು ಮಾತು ಬೈದಿದ್ದರೆ. ಚಿಕ್ಕಂದಿನಲ್ಲಿ ಎಷ್ಟು ಜಗಳವಾಡುತ್ತಿದ್ದವಳು, ಬಾಗಿಲು ಬಡಿಯುತ್ತಿದ್ದವಳು, ಅವತ್ತು ಯಾಕೆ ಸುಮ್ಮನಾದಳು, ಜಗಳಕ್ಕೆ ಕೊಡುವಷ್ಟು ದಿನ ಇಲ್ಲ ಎಂದು ಲೆಕ್ಕ ಹಾಕಿದಳೇನೋ.

ದಿನವೂ ಬೆಳಗ್ಗೆ ದೇವರ ಮುಂದೆ ಕುಳಿತು ತಿಳಿದೂ ತಿಳಿಯದೆಯೂ ಮಾಡಿದ ತಪ್ಪುಗಳನ್ನು ಮನ್ನಿಸು ಎನ್ನುತ್ತೇನೆ, ಒಟ್ಟಾರೆ ಕೇಳುವುದು ಸುಲಭ, ಮೂಟೆ ಕಟ್ಟಿ ಇಳಿಸಿದ ಹಾಗೆ, ಒಳಗೇನಿದೆ ಎಂದು ಅವನೂ ಕೇಳುವುದಿಲ್ಲ, ಈ ಒಂದನ್ನು ಬಿಡಿಸಿ ಅವನ ಮುಂದೆ ಇಟ್ಟಿಲ್ಲ, ಹೆಸರಿಟ್ಟು ಹೇಳಿಲ್ಲ, ಕತ್ತರಿಸಿದ್ದನ್ನಾದರೂ ತಿಳಿಯದೆ ಮಾಡಿದೆ ಎನ್ನಬಹುದು ಸ್ವಾಮಿ, ಇವತ್ತಿನ ಮಾತನ್ನು ಏನೆನ್ನಲಿ, ಎದುರು ಹೇಳಲು ಬಾರದವಳ ಮೇಲೆ ಹೊರಿಸಿದೆನಲ್ಲ. ಕೂಸು ಒಳಗೆ ಹೋಗಿ ಮಲಗಿದ ಮೇಲೆ ಅಳಿಯ ಉಣ್ಣಲು ಬಂದಿದ್ದ, ಕೈಗೆಲ್ಲ ಗ್ರೀಸು, ಏನತ್ತೆ, ನಮ್ಮ ಮೇಡಂ ಮುಖ ಊದಿಸ್ಕೊಂಡಿದಾರೆ, ಫ್ರಾಕು ಗಿಡ್ಡವಾಯ್ತಂತೆ ಎಂದೆ, ಅಷ್ಟೇನಾ, ಸಂಜೆ ಹೊಸದು ತರ್ತೀನಿ ಬಿಡೇ ಎಂದು ಒಳಕ್ಕೆ ಕೂಗಿದ, ಬೇಡ ಎಂದು ಗೋಡೆಯಿಂದ ಉತ್ತರ ಬಂತು, ಅವನು ಅನ್ನ ಕಲಸುತ್ತ ಕಲಸುತ್ತ ತಲೆ ಎತ್ತಿದ, ಇದ್ರಲ್ಲಿ ಒಳಗಡೆ ಮಡಿಚಿದ್ಲಲ್ಲ ಅತ್ತೆ, ನಂಗೆ ತೋರಿಸಿದ್ಲು—ನೀನು ಫ್ಯಾನು ನೋಡಪ್ಪ, ಫ್ರಾಕು ನಾನು ನೋಡ್ಕೋತೀನಿ ಎಂದೆ. ಅವನು ಫ್ಯಾನಿನ ಕಡೆ ನೋಡಿ ನಾಚಿಕೊಂಡು ನಕ್ಕ. ಪಾಪದವನು. ಒಂದೇ ಮಧ್ಯಾಹ್ನದಲ್ಲಿ ಇಬ್ಬರ ಬಾಯಿ ಮುಚ್ಚಿಸಿದೆ. ಅವನು ಹೊರಟ ಮೇಲೆ ಕೂಸು ಬಾಗಿಲ ತನಕ ಬಂದು, ನನ್ನನ್ನು ನೋಡದೆ, ಆಸ್ಪತ್ರೆಗೆ ಹೋಗೋ ದಿನಾನೂ ಹೇಳಿದ್ಲು, ಗಿಡ್ಡ ಆದಾಗ ಅಜ್ಜಿಗೆ ಹೇಳು, ಎಲ್ಲಿದೆ ಅಂತ ಅಜ್ಜಿಗೆ ಗೊತ್ತು ಅಂತ ಎಂದು ಹೇಳಿ ಮತ್ತೆ ಹೋಗಿ ಮಲಗಿದಳು.

ಅಜ್ಜಿಗೆ ಗೊತ್ತು. ಆಸ್ಪತ್ರೆಗೆ ಹೋಗುವ ದಿನ ಎಂದರೆ ನಾನು ಕತ್ತರಿಸಿ ಎಷ್ಟೋ ತಿಂಗಳಾಗಿತ್ತು, ಕತ್ತರಿಸಿದ್ದು ಅವಳಿಗೆ ಗೊತ್ತಿತ್ತು, ಮತ್ತೆ ಯಾಕೆ ಹಾಗೆಂದಳು, ನನ್ನ ತಪ್ಪನ್ನು ಕೂಸಿನ ಬಾಯಲ್ಲಿ ನನಗೇ ಕೇಳಿಸಲು ಅಂದಳೇ, ಅಂಥವಳಲ್ಲ, ಅಥವಾ ನೋವಿನಲ್ಲಿ ಮರೆತಳೇ, ಅಯ್ಯೋ ಮತ್ತೆ ಮರೆತಳು ಎನ್ನುತ್ತೇನೆ, ನಾಲಿಗೆಗೆ ರೂಢಿಯಾಯಿತು—ಕುಳಿತಲ್ಲೇ ಅಂಚು ಬಿಚ್ಚಿದೆ, ಉಗುರಗಲದ ಬಟ್ಟೆಯಾದರೂ ಸಿಗಲಿ ಎಂದು, ಎಳೆಗಳು ಪಟ್ ಪಟ್ ಎಂದು ಹರಿದವು, ಮಡಿಸಿದ್ದು ತೆರೆದರೆ ಕೊಯ್ದ ಅಂಚಿನುದ್ದಕ್ಕೂ ಅರ್ಧ ಮೀನುಗಳು, ತಲೆ ಇದೆ, ಕಣ್ಣಿದೆ, ಬಾಲವಿಲ್ಲ, ಸುತ್ತಲೂ ಬಾಲವಿಲ್ಲದ ಮೀನುಗಳು ಮುಖ ಮೇಲೆ ಮಾಡಿ ನನ್ನನ್ನೇ ನೋಡುತ್ತಿವೆ. ಒಲೆಯ ಮೇಲೆ ಕುಡಿಯುವ ನೀರು ಉಕ್ಕಿ ಮುಚ್ಚಳ ಕುಣಿಯುವ ಸದ್ದು, ಎದ್ದೆ, ಮಂಡಿ ಹಿಡಿದುಕೊಂಡು ಎದ್ದೆ, ಮೊಳೆಗೆ ನೇತುಹಾಕಿದ ಮಸಿಬಟ್ಟೆ ತೆಗೆದು ಪಾತ್ರೆ ಇಳಿಸಿದೆ, ದಿನವೂ ಇಳಿಸುವ ಹಾಗೆ, ಕೆಳಗಿಟ್ಟು ಕೈ ನೋಡಿಕೊಂಡರೆ ಕೈಯಲ್ಲಿ ಮೀನು. ಕಂದು ಬಣ್ಣಕ್ಕೆ ಸುಟ್ಟ ಮೀನು. ಎಷ್ಟು ತಿಂಗಳಿಂದ ನೋಡುತ್ತಿದ್ದೇನೆ, ಕಂಡೇ ಇಲ್ಲ. ಆ ಪಟ್ಟಿಯಿಂದ ಅವಳು ಮಾಡಿದ್ದು ಇದು, ಅಂಗೈಯಗಲದ ದಪ್ಪ ಚೌಕ, ಸುತ್ತಲೂ ದಾಪುಗಾಲು ಹೊಲಿಗೆ, ಅದಕ್ಕೂ ನಕ್ಕಿದ್ದೆ, ಇದೇನು ಹೊಲಿಗೆಯೋ ಕೋಳಿ ಕೆದರಿದ್ದೋ, ನನ್ನ ಹೊಟ್ಟೇಲಿ ಹುಟ್ಟಿದವಳು ಗಂಟನ್ನ ಹೊರಗೆ ಬಿಡೋದೇ ಎಂದಿದ್ದೆ, ಇರ್ಲಿ ಬಿಡಮ್ಮ, ಅಡುಗೆಮನೆ ಬಟ್ಟೆ ತಾನೆ ಎಂದಿದ್ದಳು. ಗಂಟು ಹೊರಗೆ. ಉದ್ದುದ್ದ ಎಳೆ. ನಾನೇ ಕಲಿಸಿದ್ದಲ್ಲವೇ, ಆಮೇಲೆ ಬಿಚ್ಚುವುದಿದ್ದರೆ ಹಾಗೆ ಕಚ್ಚಾ ಹೊಲಿಗೆ ಹಾಕಬೇಕು, ಗಂಟು ಹೊರಗಿರಬೇಕು, ಎಳೆದರೆ ಒಂದೇ ಸಲಕ್ಕೆ ಬರಬೇಕು ಎಂದು ಬೀದಿಯ ಹುಡುಗಿಯರಿಗೆಲ್ಲ ಪಾಠ ಹೇಳಿದವಳು ನಾನೇ ಅಲ್ಲವೇ.

ಗಂಟು ಕತ್ತರಿಸಿ ಎಳೆದೆ, ದಾರ ಬಂತು, ಸುಳ್ಳಿಲ್ಲ, ಒಂದೇ ಎಳೆತಕ್ಕೆ ಬಂತು. ಚೌಕ ಬಿಚ್ಚಿಕೊಂಡಿತು, ಮಡಿಕೆಯೊಳಗೆ ಮಡಿಕೆ, ಬಿಚ್ಚುತ್ತಲೇ ಹೋದೆ, ಎಲ್ಲೂ ಕತ್ತರಿ ತಾಗಿಲ್ಲ, ಗೇಣಗಲದ ಪಟ್ಟಿ ಇಡೀ ಇಡಿಯಾಗಿ ಇದೆ, ಹೊರಗಿನ ಎರಡು ಮಗ್ಗುಲು ಮಾತ್ರ ಸುಟ್ಟಿವೆ, ಒಳಗಿನದೆಲ್ಲ ಬೆಳ್ಳಗೆ, ಮೀನುಗಳು ಅಂಗಡಿಯಿಂದ ತಂದ ದಿನದಷ್ಟು ನೀಲಿ, ಮೇಲಿನ ಅಂಚಿನುದ್ದಕ್ಕೂ ಬಾಲಗಳು. ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಈ ಮನೆಯಲ್ಲಿ ಕೆಲಸಕ್ಕೆ ಬಾರದ ಚೂರು ಬಟ್ಟೆ ಒಂದು ದಿನ ಉಳಿಯುವುದಿಲ್ಲ, ಅದು ನನ್ನ ಕಟ್ಟಳೆ, ಪೆಟ್ಟಿಗೆಯಲ್ಲಿಟ್ಟರೂ ಹುಡುಕಿ ಎಸೆಯುತ್ತೇನೆ, ಕೆಲಸ ಮಾಡುವ ಬಟ್ಟೆಯನ್ನು ಮಾತ್ರ ಮುಟ್ಟುವುದಿಲ್ಲ, ಅದಕ್ಕೇ ಇದನ್ನು ಕೆಲಸಕ್ಕೆ ಹಚ್ಚಿದಳು, ನನ್ನ ಕಣ್ಣೆದುರಿನ ಮೊಳೆಗೆ ನೇತುಹಾಕಿದಳು, ಬೆಕ್ಕಿನಿಂದ ಹಾಲು ಬಚ್ಚಿಟ್ಟ ಹಾಗೆ ತಾಯಿಯಿಂದ ಒಂದು ಬಟ್ಟೆ ಬಚ್ಚಿಟ್ಟಳು, ಆಮೇಲೆ ಆಸ್ಪತ್ರೆಗೆ ಹೊರಡುವ ದಿನ ಆ ಬೆಕ್ಕಿನ ಕೈಗೇ ಒಪ್ಪಿಸಿದಳು, ಅಜ್ಜಿಗೆ ಗೊತ್ತು. ನನಗೆ ಗೊತ್ತಾಗುತ್ತದೆ ಎಂದು ನಂಬಿದಳೇ, ನನ್ನ ಹೊರತು ಇನ್ಯಾರೂ ಇರಲಿಲ್ಲವೆಂದೇ, ಇದು ಕ್ಷಮೆಯೋ, ಬೇರೆ ದಾರಿಯಿಲ್ಲದ್ದೋ, ಯಾರನ್ನು ಕೇಳಲಿ—ಮತ್ತು ನಾನು ಇಷ್ಟು ತಿಂಗಳು ಇದನ್ನು ಹಿಡಿದು ಬಿಸಿ ಪಾತ್ರೆ ಇಳಿಸಿದೆ, ಕೂಸಿನ ಬೇಸಿಗೆಗಳನ್ನು ಹಿಡಿದು ಸುಟ್ಟೆ. ಫ್ರಾಕು ತಂದು ನೆಲದ ಮೇಲೆ ಹರಡಿದೆ, ಪಟ್ಟಿಯನ್ನು ಅದರ ಕೆಳಗೆ ಇಟ್ಟೆ, ಸರಿಸಿದೆ, ಮತ್ತೆ ಸರಿಸಿದೆ, ಒಂದು ತಲೆಗೆ ಅದರ ಬಾಲ ಸಿಕ್ಕಿತು, ಆಮೇಲೆ ಎಲ್ಲಕ್ಕೂ ಸಿಕ್ಕಿತು, ಹೊಲಿದರೆ ನಡುವೆ ಕಾಲಿಂಚು ಒಳಗೆ ಹೋಗುತ್ತದೆ, ಮೀನು ಗಿಡ್ಡವಾಗುತ್ತದೆ, ಎಷ್ಟು ಸಪೂರ ಹೊಲಿದರೂ ಆ ಗೆರೆ ಕಾಣುತ್ತದೆ, ಕಾಣಲಿ.

ಹಿಂದೆ ಕಾಲ ಸದ್ದು. ಕೂಸು ಬಾಗಿಲಲ್ಲಿ, ಪೆಟಿಕೋಟಿನಲ್ಲಿ, ಬೆರಳ ತುದಿಯಲ್ಲಿ ಸುಣ್ಣ, ಅದು ಮಸಿಬಟ್ಟೆ ಅಲ್ವಾ ಎಂದಳು, ಹೌದು ಎಂದೆ, ಬಗ್ಗಿ ನೋಡಿದಳು, ಮೀನಿನ ಬಾಲ, ಅಮ್ಮ ಇಟ್ಟಿದ್ದು ಇದೇನಾ, ಇದೇ ಎಂದೆ, ಯಾರಜ್ಜಿ ಕತ್ತರಿಸಿದ್ದು ಎಂದಳು, ಬಾಯಿಯಲ್ಲಿ ಇನ್ನೊಂದು ಸುಳ್ಳು ಸಿದ್ಧವಾಗಿತ್ತು ದೇವರೇ, ಇಲಿ ಎನ್ನಬಹುದಿತ್ತು, ಮಿಷನ್ನಿಗೆ ಸಿಕ್ಕಿ ಹರಿಯಿತು ಎನ್ನಬಹುದಿತ್ತು, ನಾನು ಎಂದೆ. ನಾನೇ ಮರಿ, ಅಂಚು ಚೆಂದ ಕಾಣ್ಲಿ ಅಂತ. ಅಮ್ಮ ಮರೆತಿರ್ಲಿಲ್ವಾ? ಇಲ್ಲ, ಮರೆತಿರ್ಲಿಲ್ಲ, ಅದು ನಾನು ಹೇಳಿದ ಸುಳ್ಳು. ಫ್ಯಾನು ಒಂದು ಸುತ್ತು ಸುಮ್ಮನಿತ್ತು, ಮುಂದಿನ ಸುತ್ತಿಗೆ ನರಳಿತು, ನಾನು ತಲೆ ತಗ್ಗಿಸಿ ಕಾದೆ, ಏನಾದರೂ ಅನ್ನಲಿ, ಬೈಯಲಿ, ಬಾಗಿಲು ಬಡಿಯಲಿ, ಕೂಸು ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತಳು, ಪಟ್ಟಿಯ ಸುಟ್ಟ ತುದಿ ಎತ್ತಿಕೊಂಡಳು, ಅಂಗೈ ಮೇಲೆ ಮಾಡಿ ಹಿಡಿದಳು, ಯಾರು ಹೇಳಿಕೊಟ್ಟರು ಇವಳಿಗೆ, ಅವತ್ತು ಇವಳು ಮನೆಯಲ್ಲೇ ಇರಲಿಲ್ಲ, ಸುತ್ತಿಕೊಳ್ಳುತ್ತಿದ್ದಾಳೆ, ನಿಧಾನವಾಗಿ, ನೆಲದಿಂದ ಪಟ್ಟಿ ಮೇಲೇಳುತ್ತಿದೆ, ಒಂದು ಸುತ್ತಿನ ಮೇಲೆ ಒಂದು ಸುತ್ತು, ಅಂಗೈಗೆ, ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ, ಒಂದು ಸುತ್ತಿನ ಮೇಲೆ ಒಂದು ಸುತ್ತು