ಅಹವಾಲಿನ ಹೊತ್ತಿನ ಉಪ್ಪಿಟ್ಟು

ಶನಿವಾರದ ಬೆಳಗಿನ ಶಾಲೆ ಬಿಟ್ಟಿತ್ತು. ಮಕ್ಕಳ ಗದ್ದಲ ಅಡಗಿದ ಮೇಲೆ ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳ ಸಪ್ಪಳ ಮತ್ತೆ ಕೇಳತೊಡಗಿತು. ಶಾಲೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಶಿಕ್ಷಕಿ ಜಾನಕಿಬಾಯಿ ಸೆರಗು ಸಿಕ್ಕಿಸಿಕೊಂಡು ಪಂಪ್ ಸ್ಟೋ ಹೊತ್ತಿಸಿದರು. ಶಿಕ್ಷಕ ಬಾಂಧವರ ಸಂಘದ ಸ್ಥಳೀಯ ಶಾಖೆಯ ತಿಂಗಳ ಸಭೆ ಅಂದು.

ಎಪ್ಪತ್ತೇಳರಲ್ಲಿ ಶಾಖೆ ಶುರುವಾದಾಗ ಕಾರ್ಯದರ್ಶಿ ಅಂದಪ್ಪ ಮಾಸ್ತರರು, “ಸಭಾದ ವ್ಯವಸ್ಥಾ ಯಾರು ನೋಡ್ಕೋತೀರಿ?” ಎಂದು ಕೇಳಿದ್ದರು. ಮೊದಲು ಕೈ ಎತ್ತಿದವರು ಜಾನಕಿಬಾಯಿಯೇ. ವ್ಯವಸ್ಥೆಯ ನೆಪದಲ್ಲಿ ತಾವೂ ಸಭೆಯಲ್ಲಿ ನಾಲ್ಕು ಮಾತಾಡಬಹುದು ಎಂಬ ಆಸೆ. ಆ ವ್ಯವಸ್ಥೆ ಖುರ್ಚಿ ಹಾಕಿಸುವುದರಿಂದ ಶುರುವಾಗಿ ಚಹಾಕ್ಕೆ ಬಂತು, ಚಹಾದಿಂದ ಉಪ್ಪಿಟ್ಟಿಗೆ ಬಂದು ಅಲ್ಲೇ ಬೇರು ಬಿಟ್ಟಿತು. “ಜಾನಕಿ ಅಕ್ಕಾರ ಉಪ್ಪಿಟ್ಟಿನ ಸಲುವಾಗೇ ಸಭಾಕ್ಕ ಬರ್ತೇವಿ ನೋಡ್ರಿ” ಎಂದು ಗಂಡಸರು ತಟ್ಟೆ ಖಾಲಿ ಮಾಡುತ್ತಿದ್ದರು. ಸುಳ್ಳೇಕೆ, ಆ ಮಾತು ಜಾನಕಿಬಾಯಿಗೂ ಹಿತವಾಗಿತ್ತು. ಮನೆಯಲ್ಲಿ ಇಷ್ಟು ವರ್ಷ ಬೇಯಿಸಿ ಹಾಕಿದರೂ ಹೀಗೆ ಹೊಗಳಿದವರಿಲ್ಲ.

ಆದರೆ ಸಂಘದಲ್ಲಿ ಒಂದು ರೂಢಿ ಬಿದ್ದುಹೋಗಿತ್ತು. ವರದಿ, ಠರಾವು, ಭಾಷಣಗಳೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಸದಸ್ಯರ ಅಹವಾಲು. ಅಷ್ಟೊತ್ತಿಗೆ ಎಲ್ಲರ ಹೊಟ್ಟೆಯೂ ಹಸಿದಿರುತ್ತಿತ್ತು, ಒಳಗಿನಿಂದ ಒಗ್ಗರಣೆಯ ವಾಸನೆ ಬೇರೆ. ಶಾಖೆಯಲ್ಲಿದ್ದ ನಾಲ್ಕಾರು ಹೆಣ್ಣುಮಕ್ಕಳೆಲ್ಲ ಆಗ ಒಳಗೆ ತಟ್ಟೆ ಹಚ್ಚುತ್ತಿರುತ್ತಿದ್ದರು. ಹೊರಗೆ ಅಂದಪ್ಪನವರು, “ಅಹವಾಲು ಯಾರದೂ ಇಲ್ಲಲ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಭೆ ಮುಗಿಸುತ್ತಿದ್ದರು.

ಅಂದು ಹೆಣ್ಣುಮಕ್ಕಳಲ್ಲಿ ಬಂದವರು ಇಬ್ಬರೇ; ಜಾನಕಿಬಾಯಿಯ ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದವಳು ಬಸಲಿಂಗವ್ವ. ಗಂಡನ ಮನೆ ಇಳಕಲ್ಲಿನಲ್ಲಿ, ನೌಕರಿ ರಾಮಥಾಳದ ಶಾಲೆಯಲ್ಲಿ. ಶನಿವಾರವೊಂದು ಬಿಟ್ಟು ದಿನವೂ ಮುಂಜಾನೆಯ ಬಸ್ಸಿಗೆ ಹೋದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಐದು ತಿಂಗಳ ಕೂಸು ಮೂಲೆಯಲ್ಲಿ ಕೌದಿಯ ಮೇಲೆ ಮಲಗಿತ್ತು.

“ಇವತ್ತರೆ ನನ್ನ ಮಾತು ಎತ್ತತೀರೇನ್ರಿ ಅಕ್ಕಾರ?” ಎಂದಳು ಅವಳು.

ರವೆ ಹುರಿಯುತ್ತಿದ್ದ ಜಾನಕಿಬಾಯಿಯ ಕೈ ನಿಂತಿತು. ಇಳಕಲ್ಲಿನ ಶಾಲೆಗೆ ಅವಳನ್ನು ಬದಲಿ ಮಾಡಿಸುವ ವಿಷಯ ಸಭೆಯಲ್ಲಿ ಎತ್ತುತ್ತೇನೆಂದು ಹಿಂದೆಯೂ ಮಾತು ಕೊಟ್ಟಿದ್ದರು. ಅದು ನೆನಪಾದದ್ದು ತಟ್ಟೆ ತೊಳೆಯುವಾಗ.

“ಅಂದಪ್ಪ ಮಾಸ್ತರಿಗೆ ನೀನೇ ಹೇಳಿದ್ದಿಲ್ಲೇನು?”

“ಹೇಳಿದ್ನಿರಿ. ದಾರ್ಯಾಗ ಹೇಳಿದ್ದು ಹಿಡದು ಮಾಡಿದ್ರ ಒಬ್ಬರ ಪರ ಮಾಡಿದಂಗ ಆಕ್ಕೈತಿ, ಸಭಾದಾಗ ಹೇಳವಾ ಅಂದ್ರು. ಈಗ ಸಾಕಾತ್ರಿ. ಸೋಮವಾರ ರಾಜೀನಾಮಿ ಕೊಡ್ತೇನಿ. ಅತ್ತಿ ಬಾಟ್ಲಿ ಹಿಡದು ಹಿಡದು ಸೋತಾರ, ಕೂಸು ಬಾಯಿ ಹಚ್ಚಂಗಿಲ್ಲ. ಅಲ್ಲಿ ಪಾಠ ಹೇಳೂ ಮುಂದ ಹಾಲು ಇಳದು ನನ್ನ ಕುಬಸ ತೋಯ್ತೈತಿ. ಹುಡುಗರ ಕಡೆ ಬೆನ್ನ ಮಾಡಿ ಬೋರ್ಡಿನ ಮ್ಯಾಲ ಸುಮ್ಮನ ಬರಕೋಂತ ನಿಂದರತೇನಿ.”

ಜಾನಕಿಬಾಯಿ ಹುರಿದ ರವೆ ಇಳಿಸಿ, ಒಗ್ಗರಣೆ ಹಾಕಿ ನೀರಿಟ್ಟರು. ಕುದಿಯುವ ನೀರಿಗೆ ರವೆ ಸುರಿದರು. ಅಷ್ಟರಲ್ಲಿ ಹೊರಗಿನಿಂದ ಅಂದಪ್ಪನವರ ದನಿ ಕೇಳಿತು: “ಇನ್ನ ಅಹವಾಲು ಯಾರದೂ...”

ಜಾನಕಿಬಾಯಿ ಸೌಟು ಬಿಟ್ಟು ಬಸಲಿಂಗವ್ವನ ಕೈ ಹಿಡಿದರು. “ಬಾ.”

ಇಬ್ಬರೂ ಹೊರಗೆ ಬಂದಾಗ ಗಂಡಸರು ತಟ್ಟೆ ಬಂತೆಂದು ಸರಿದು ಕುಳಿತರು.

“ನಮ್ಮದೊಂದು ಅಹವಾಲು ಅದರಿ” ಎಂದರು ಜಾನಕಿಬಾಯಿ.

“ತಿಂದ ಮ್ಯಾಲ ಮಾತಾಡೂಣಲ್ರಿ ಅಕ್ಕಾರ?” ಎಂದರು ಅಂದಪ್ಪನವರು.

“ತಿಂದ ಮ್ಯಾಲ ನೀವು ಎದ್ದು ಹೋಗ್ತೀರಿ, ನಾವು ತಟ್ಟಿ ತೊಳೀತೇವಿ. ಈಗೇ ಕೇಳ್ರಿ.” ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, “ಹೇಳು ಬಸಲಿಂಗವ್ವ” ಎಂದರು.

ಅವಳು ತಡವರಿಸುತ್ತ ಹೇಳಿದಳು. ಕುಬಸದ ಮಾತನ್ನು ಅಷ್ಟು ಗಂಡಸರ ಎದುರು ಹೇಳಲಾಗಲಿಲ್ಲ. ಹಿರಿಯರಾದ ರಾಚಯ್ಯನವರು ತಲೆ ಅಲ್ಲಾಡಿಸಿದರು. “ಬದಲಿ ಎಲ್ಲಾರಿಗೂ ಬೇಕಾಗೇತವಾ. ನಾ ಎಷ್ಟು ವರ್ಷ ಊರೂರು ತಿರಿಗೇನಿ. ನನ್ನ ಮಕ್ಕಳು ಬೆಳದದ್ದ ನಾ ನೋಡಲಿಲ್ಲ.”

“ಅದರ ಹಳಹಳಿ ನಿಮಗೂ ಅದಲ್ರಿ, ರಾಚಯ್ಯನವರ?” ಎಂದು ಜಾನಕಿಬಾಯಿ ಮೆಲ್ಲಗೆ ಕೇಳಿದರು. ರಾಚಯ್ಯನವರು ತಮ್ಮ ಕೈಗಳನ್ನೇ ನೋಡಿಕೊಂಡರು.

ಆಗ ಯಾರೋ, “ಅಕ್ಕಾರ, ಉಪ್ಪಿಟ್ಟು ಸೀದ ವಾಸನಿ ಬರಾಕತ್ತೈತ್ರಿ” ಎಂದರು.

ಜಾನಕಿಬಾಯಿ ಅರ್ಧ ಎದ್ದರು. ಮೈಗೆ ಹತ್ತಿದ ಅಭ್ಯಾಸ. ಆಮೇಲೆ ಮತ್ತೆ ಕುಳಿತರು. “ಸೀಯಲಿ ಬಿಡ್ರಿ. ಆಕಿ ಮಾತು ಮುಗೀಲಿ.”

ಅಂದಪ್ಪನವರು ಅವರನ್ನು ನೋಡಿದರು, ನಿಂತೇ ಇದ್ದ ಬಸಲಿಂಗವ್ವನನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿ ತಾವೇ ಎದ್ದು ಒಳಗೆ ಹೋದರು. ಏನೋ ಬಿದ್ದ ಸದ್ದಾಯಿತು, ಸ್ಟೋವಿನ ಮೊರೆತ ನಿಂತಿತು, ಕೂಸು ಅಳತೊಡಗಿತು. ಕಾರ್ಯದರ್ಶಿಗಳು ಮಸಿ ಹತ್ತಿದ ಅಂಗಿಯಲ್ಲಿ, ಸ್ಲೇಟು ಪಾಟಿಗಳ ಅಟ್ಟಿ ಹೊತ್ತವರಂತೆ ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಯಾರೂ ನಗಲಿಲ್ಲ. ಅದನ್ನು ತಾಯಿಯ ತೋಳಿಗೆ ಕೊಟ್ಟು, “ಕೂತು ಹೇಳವಾ” ಎಂದು ತಮ್ಮ ಖುರ್ಚಿಯನ್ನೇ ಅವಳತ್ತ ಸರಿಸಿದರು.

ಅವಳ ಮಾತು ಮುಗಿಯುವುದಕ್ಕೂ ಹಿಂದಿನ ಸಾಲಿನಿಂದ ಬಂದೇನವಾಜ ಮಾಸ್ತರ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಅವರು ಇಳಕಲ್ಲಿನ ಶಾಲೆಯವರೇ. “ನಮ್ಮ ಊರು ರಾಮಥಾಳದ ಬಾಜೂಕ ಐತ್ರಿ. ಮನಿ, ಹೊಲ ಎಲ್ಲಾ ಅಲ್ಲೇ. ನಾ ಅಲ್ಲಿಗೆ ಹೋಗ್ತೇನಿ, ಬಸಲಿಂಗವ್ವ ಅಕ್ಕಾರು ನನ್ನ ಜಾಗಾಕ್ಕ ಬರ್ಲಿ. ಅದಲು ಬದಲಿಗೆ ಯಾರರೆ ಸಿಗತಾರೇನು ಅಂತ ಹೋದ ವರ್ಷದಿಂದ ನೋಡಾಕತ್ತೇನಿ.”

“ಮತ್ತ ಹೇಳಬಾರದಾಗಿತ್ತೇನೋ ಮಾರಾಯ!” ಎಂದರು ಅಂದಪ್ಪನವರು.

“ಎಲ್ಲಿ ಹೇಳ್ಲಿರಿ? ನೀವು ಅಹವಾಲು ಅನ್ನೂದ್ರಾಗ ಉಪ್ಪಿಟ್ಟು ಬಂದಿರತಿತ್ತು.”

ಅಂದಪ್ಪನವರು ಪೆನ್ನಿನ ಮುಚ್ಚಳ ತೆಗೆದರು. ಶಿಫಾರಸಿನ ಠರಾವು ಬರೆದು, ಎಲ್ಲರ ಸಹಿ ಮಾಡಿಸಿ, ಸೀದ ಉಪ್ಪಿಟ್ಟನ್ನು ತಾವೇ ಹಾಕಿಕೊಂಡು ಬಂದರು. ಅಂದು ಅದನ್ನು ಹೊಗಳಲು ಯಾರಿಗೂ ಬಾಯಿ ಬರಲಿಲ್ಲ, ಆದರೆ ಬಿಟ್ಟೆದ್ದವರೂ ಇಲ್ಲ.

ಸೋಮವಾರ ಬಸಲಿಂಗವ್ವ ರಾಜೀನಾಮೆ ಕೊಡಲಿಲ್ಲ. ಬದಲಿಯ ಹುಕುಂ ಬರುವುದು ಇನ್ನೂ ತಡವಿತ್ತು, ಆದರೆ ಬರುತ್ತದೆ ಎಂದು ನಂಬಿ ದಿನ ದೂಡುವುದು ಸುಲಭವಾಗಿತ್ತು.

ಮುಂದಿನ ಸಭೆಗೆ ಜಾನಕಿಬಾಯಿ ರವೆಯ ಚೀಲ ಹಿಡಿದು ಬಂದಾಗ ಮೇಜಿನ ಮೇಲೆ ಬಾಳೆಹಣ್ಣಿನ ಗೊನೆ ಇತ್ತು. ಅಂದಪ್ಪನವರು ತಂದದ್ದು. “ಇವತ್ತ ಸ್ಟೋ ಬ್ಯಾಡ್ರಿ ಅಕ್ಕಾರ” ಎಂದರು. ಜಾನಕಿಬಾಯಿಗೆ ಒಂದು ಗಳಿಗೆ ಬೇಸರವೇ ಆಯಿತು. ಮುಂದಿನ ಬೆಂಚಿನಲ್ಲಿ ಕುಳಿತರು, ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಬಸಲಿಂಗವ್ವ ಕೂಸನ್ನು ಅವರ ಮಡಿಲಿಗೆ ಹಾಕಿದಳು.

ವರದಿಗೂ ಮೊದಲು ಅಂದಪ್ಪನವರು ಎದ್ದು ನಿಂತು, “ಯಾರದರೆ ಅಹವಾಲು ಐತೇನ್ರಿ?” ಎಂದು ಕೇಳಿದರು.

ಕೇಳಿ, ಕಾದರು.